ನೆಲೆ ತಪ್ಪಿದ ಬಿಂಬಗಳು, ಗೋಡೆ ಬಿಟ್ಟ ಬಿಲ್ಲೆಗಳು

ಶಿಲ್ಪಿಯು ಕಡೆದ ಶಿಲೆಯೂ ಎರಕ ಹೊಯ್ದ ಲೋಹವೂ ಪ್ರತಿಷ್ಠೆಯ ಮುಹೂರ್ತದವರೆಗೆ ಕೇವಲ ಪ್ರತಿಮೆಗಳು. ಶಾಸ್ತ್ರೋಕ್ತ ವಿಧಿಗಳು ನೆರವೇರಿದ ಮೇಲೆ ಅವು ಪೂಜ್ಯ ಬಿಂಬಗಳಾಗುತ್ತವೆ. ಒಂದು ಊರು, ಒಂದು ಪೀಠ, ಒಂದು ಪರಂಪರೆ ಅವುಗಳಿಗೆ ದೊರೆಯುತ್ತದೆ. ಪಂಚಕಲ್ಯಾಣ ಮಹೋತ್ಸವವನ್ನು ಕಣ್ಣಾರೆ ಕಂಡ ನಮ್ಮ ಶ್ರಾವಕ ಶ್ರಾವಿಕೆಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಹೀಗೆ ನೆಲೆಗೊಂಡ ವಸ್ತುವು ಕಾಲಾಂತರದಲ್ಲಿ ತನ್ನ ನೆಲೆಯಿಂದ ಕಿತ್ತುಹೋದರೆ ಅದರ ಗತಿಯೇನು? ಅದು ಎಲ್ಲಿಯದು, ಯಾರದು ಎಂಬುದನ್ನು ಮತ್ತೆ ಯಾರು ಹೇಳಬಲ್ಲರು? ಈ ಪ್ರಶ್ನೆಗೆ ಇತಿಹಾಸವು ಕೊಡುವ ಉತ್ತರವನ್ನು ಎರಡು ಬಗೆಯ ಪುರಾತನ ವಸ್ತುಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ. ಒಂದು, ಪಾರಸಿಕ ದೇಶದ ಮುಸ್ಲಿಮ್ ಕುಂಬಾರರ ಮೆರುಗಿನ ಬಿಲ್ಲೆಗಳು. ಇನ್ನೊಂದು, ಚೋಳರ ಕಾಲದ ಶೈವ ವಿಗ್ರಹಗಳು. ಮತ ಬೇರೆ, ದೇಶ ಬೇರೆ, ದ್ರವ್ಯ ಬೇರೆ; ಅವುಗಳಿಗೆ ಒದಗಿದ ಅವಸ್ಥೆ ಮಾತ್ರ ಒಂದೇ.

ಕಾಶಾನ್ ನಗರದ ಕುಂಬಾರರು

ಬೀದರಿನಲ್ಲಿ 1472ರಲ್ಲಿ ನಿರ್ಮಾಣಗೊಂಡ ಮಹಮೂದ್ ಗವಾನನ ಮದರಸಾವನ್ನು ನೋಡಿದವರಿಗೆ, ಅದರ ಮುಖಗೋಡೆಯ ಮೇಲೆ ಅಲ್ಲಲ್ಲಿ ಉಳಿದಿರುವ ಬಣ್ಣದ ಬಿಲ್ಲೆಗಳ ನೆನಪಿರುತ್ತದೆ. ಗವಾನನು ಪಾರಸಿಕ ದೇಶದಿಂದ ಬಂದವನು. ಆ ಕಲೆಯ ತವರೂ ಅದೇ. ಆ ದೇಶದಲ್ಲಿ ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಈ ವಿದ್ಯೆಗೆ ಹೆಸರಾಗಿದ್ದ ಪಟ್ಟಣ ಕಾಶಾನ್. ಪಾರಸಿ ಭಾಷೆಯಲ್ಲಿ ಇಂಥ ಬಿಲ್ಲೆಗೆ 'ಕಾಶಿ' ಎಂಬ ಹೆಸರು ಬಂದುದು ಈ ಊರಿನಿಂದಲೇ. ನಮ್ಮ ವಾರಾಣಸಿಗೂ ಈ ಪದಕ್ಕೂ ಸಂಬಂಧವಿಲ್ಲ.

ಕಾಶಾನಿನಲ್ಲಿ ಅಬೂ ತಾಹಿರ್ ಎಂಬ ಮನೆತನದವರು ತಲೆಮಾರುಗಳ ಕಾಲ ಈ ಕಸುಬನ್ನು ನಡೆಸಿದರು. ಅದೇ ಮನೆತನದ ಅಬುಲ್ ಕಾಸಿಮ್ ಎಂಬ ವಿದ್ವಾಂಸನು 1301ರಲ್ಲಿ ಬರೆದ ಗ್ರಂಥದಲ್ಲಿ ಕಸುಬಿನ ಮರ್ಮವನ್ನು ತಿಳಿಸಿದ್ದಾನೆ. ಬೆಣಚುಕಲ್ಲಿನ ನುಣುಪಾದ ಹುಡಿ ಹತ್ತು ಪಾಲು, ಗಾಜಿನ ಹುಡಿ ಒಂದು ಪಾಲು, ಬಿಳಿಯ ಜೇಡಿ ಒಂದು ಪಾಲು. ಇವುಗಳನ್ನು ಕಲಸಿದ ಹಿಟ್ಟಿನಿಂದ ಬಿಲ್ಲೆಗಳೂ ಪಾತ್ರೆಗಳೂ ಸಿದ್ಧವಾಗುತ್ತಿದ್ದವು. ಮೆರುಗು ಹಚ್ಚಿ ಒಮ್ಮೆ ಸುಟ್ಟ ಬಿಲ್ಲೆಯ ಮೇಲೆ ಬೆಳ್ಳಿ ಮತ್ತು ತಾಮ್ರದ ಭಸ್ಮಗಳಿಂದ ಚಿತ್ರ ಬರೆದು, ಎರಡನೆಯ ಬಾರಿ ಆವಿಗೆಯಲ್ಲಿಟ್ಟು, ಗಾಳಿಯಾಡದಂತೆ ಹೊಗೆಯಲ್ಲಿ ಬೇಯಿಸುತ್ತಿದ್ದರು. ಆರಿದ ಮೇಲೆ ಮೇಲ್ಮಸಿಯನ್ನು ಉಜ್ಜಿ ತೆಗೆದರೆ ಚಿತ್ರವು ಬಂಗಾರದಂತೆ ಹೊಳೆಯುತ್ತಿತ್ತು. ಬಂಗಾರದ ಒಂದು ಕಣವೂ ಇಲ್ಲದೆ ಬಂಗಾರದ ಕಾಂತಿಯನ್ನು ತರಿಸುವ ಈ ವಿದ್ಯೆ ಸುಲಭದ್ದಲ್ಲ; ಬೆಂಕಿ ಕೊಂಚ ಹೆಚ್ಚಾದರೂ ಕಡಿಮೆಯಾದರೂ ಇಡೀ ಆವಿಗೆ ವ್ಯರ್ಥ.

ಬರಿದಾದ ಗೋಡೆ

ಇಂದಿನ ತೆಹರಾನಿನ ಆಗ್ನೇಯಕ್ಕೆ ವರಾಮಿನ್ ಎಂಬ ಊರಿದೆ. ಅಲ್ಲಿ ಇಮಾಮ್‌ಜಾದಾ ಯಹ್ಯಾ ಎಂಬ ಪವಿತ್ರ ಸಮಾಧಿಯುಂಟು. ಅದರ ಒಳಗೋಡೆಯ ಕೆಳಭಾಗವನ್ನು ಕಾಶಾನಿನ ಎಂಟು ಮೂಲೆಯ ನಕ್ಷತ್ರಾಕಾರದ ಬಿಲ್ಲೆಗಳಿಂದಲೂ ಅವುಗಳ ನಡುವೆ ಕೂಡುವ ಶಿಲುಬೆಯಾಕಾರದ ಬಿಲ್ಲೆಗಳಿಂದಲೂ ಅಲಂಕರಿಸಿದ್ದರು. ಅವುಗಳ ಕಾಲ 1262. ಪ್ರತಿಯೊಂದು ನಕ್ಷತ್ರವೂ ಸುಮಾರು ಒಂದು ಅಡಿ ಅಗಲ. ಬಿಲ್ಲೆಗಳ ಅಂಚಿನಲ್ಲಿ ಕುರ್‌ಆನಿನ ವಚನಗಳು. ಕೆಲವು ಬಿಲ್ಲೆಗಳ ಮೇಲೆ ತಿಂಗಳು ಮತ್ತು ವರ್ಷ. ಮೆಕ್ಕಾದ ದಿಕ್ಕನ್ನು ಸೂಚಿಸುವ ಮಿಹ್ರಾಬ್ ಎಂಬ ಗೂಡನ್ನು 1265ರಲ್ಲಿ ಅಬೂ ತಾಹಿರ್ ಮನೆತನದ ಅಲಿಯು ಅದೇ ಮೆರುಗಿನ ಫಲಕಗಳಿಂದ ರಚಿಸಿ, ತನ್ನ ಹೆಸರನ್ನೂ ಬರೆದನು. 1305ರಲ್ಲಿ ಅವನ ಮಗ ಯೂಸುಫನು ಸಮಾಧಿಯ ಮೇಲಿನ ಫಲಕಗಳ ರಚನೆಯಲ್ಲಿ ಕೈಜೋಡಿಸಿದನು.

ಹೀಗೆ ತಂದೆ ಮಗನ ಕೈಗೆಲಸದಿಂದ ಬೆಳಗಿದ ಆ ಗುಡಿಯ ಗೋಡೆಗಳು ಆರು ಶತಮಾನಗಳ ಕಾಲ ಉಳಿದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಸಂಗ್ರಾಹಕರಲ್ಲಿ ಪಾರಸಿಕ ಮೃತ್ಕಲೆಯ ಮೋಹ ಹಬ್ಬಿತು. ಕೊಳ್ಳುವವರಿದ್ದಲ್ಲಿ ಕೀಳುವವರೂ ಹುಟ್ಟಿಕೊಳ್ಳುತ್ತಾರೆ. ಕೆಲವು ದಶಕಗಳಲ್ಲಿ ಗೋಡೆಯು ಬರಿದಾಯಿತು. ಇಂದು ಆ ನಕ್ಷತ್ರಗಳು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವೇ ಮೊದಲಾಗಿ ಅನೇಕ ದೇಶಗಳಲ್ಲಿ ಚದುರಿವೆ. ಸಮಾಧಿಯ ಫಲಕಗಳು ರಷ್ಯದ ಹರ್ಮಿಟೇಜ್ ಸಂಗ್ರಹಾಲಯದಲ್ಲಿವೆ. ಮಿಹ್ರಾಬ್ ಇರುವುದು ಶಾಂತಸಾಗರದ ನಡುವಣ ಹವಾಯಿ ದ್ವೀಪದಲ್ಲಿ. ಡೋರಿಸ್ ಡ್ಯೂಕ್ ಎಂಬ ಅಮೆರಿಕದ ಶ್ರೀಮಂತೆ 1940ರ ಸುಮಾರಿಗೆ ಕೊಂಡು, ಈಗ ವಸ್ತುಸಂಗ್ರಹಾಲಯವಾಗಿರುವ ತನ್ನ ಮನೆಯಲ್ಲಿ ನಿಲ್ಲಿಸಿದುದು. ವರಾಮಿನ್ನಿನ ಗುಡಿ ಮಾತ್ರ ಅಲ್ಲೇ ಇದೆ. ಊರಿನ ಜನ ಇಂದಿಗೂ ಬಂದು ಪ್ರಾರ್ಥಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಇಷ್ಟು ಚದುರಿದ ಬಿಲ್ಲೆಗಳು ಒಂದೇ ಗುಡಿಗೆ ಸೇರಿದವೆಂದು ಹೇಳಲು ವಿದ್ವಾಂಸರಿಗೆ ಬಹುಮಟ್ಟಿಗೆ ನೆರವಾದುದು ಅವುಗಳ ಮೇಲಿನ ಬರಹ, ತೇದಿ ಮತ್ತು ಕರ್ತೃವಿನ ಹೆಸರು. ಬರಹವಿಲ್ಲದ ಪಾತ್ರೆಗಳ ಪಾಡು ಇದಕ್ಕಿಂತ ಕಷ್ಟ. ರಯ್, ಕಾಶಾನ್ ಮುಂತಾದ ಊರುಗಳ ಹೆಸರಿನಲ್ಲಿ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮಾರಾಟವಾದ ಅನೇಕ ಬೋಗುಣಿಗಳು ಬೇರೆ ಬೇರೆ ಪಾತ್ರೆಗಳ ಚೂರುಗಳನ್ನು ಒಂದುಗೂಡಿಸಿ, ಬಿರುಕಿನ ಮೇಲೆ ಹೊಸ ಬಣ್ಣ ಬಳಿದು ಸಿದ್ಧಪಡಿಸಿದವೆಂದು ತರುವಾಯ ತಿಳಿದುಬಂದಿತು. ಸುಟ್ಟ ಮಣ್ಣನ್ನು ಕಾಯಿಸಿ ಅದು ಹೊರಸೂಸುವ ಬೆಳಕಿನಿಂದ ಅದರ ಕಾಲವನ್ನು ಅಳೆಯುವ ವೈಜ್ಞಾನಿಕ ವಿಧಾನ ಇಂದು ಉಂಟು. ಆದರೆ ಆ ಪರೀಕ್ಷೆಯು ವಸ್ತುವಿನ ವಯಸ್ಸನ್ನು ಹೇಳಬಲ್ಲದೇ ಹೊರತು ಅದರ ಮನೆಯನ್ನು ಹೇಳಲಾರದು.

ಚೋಳದೇಶದ ವಿಗ್ರಹಗಳು

ಇನ್ನು ನಮ್ಮ ನೆರೆಯ ತಮಿಳುನಾಡಿಗೆ ಬರೋಣ. ತಂಜಾವೂರಿನ ಬೃಹದೀಶ್ವರ ದೇವಾಲಯವನ್ನು 1010ರಲ್ಲಿ ಪೂರ್ಣಗೊಳಿಸಿದ ರಾಜರಾಜ ಚೋಳನು, ತಾನೂ ತನ್ನ ಪರಿವಾರದವರೂ ಅರ್ಪಿಸಿದ ಲೋಹವಿಗ್ರಹಗಳ ವಿವರವನ್ನು ದೇವಾಲಯದ ಶಿಲೆಯಲ್ಲೇ ಕೊರೆಯಿಸಿದನು. ವಿಗ್ರಹದ ಎತ್ತರ ಎಷ್ಟು ಮೊಳ, ಎಷ್ಟು ಬೆರಳು, ಕೈಗಳೆಷ್ಟು, ತೊಡಿಸಿದ ಆಭರಣದ ತೂಕವೆಷ್ಟು ಎಂಬುದೆಲ್ಲವೂ ಅಲ್ಲಿ ಉಂಟು. ಆ ವಿಗ್ರಹಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಅವುಗಳ ಅಳತೆ ಮಾತ್ರ ಸಾವಿರ ವರ್ಷ ಕಳೆದರೂ ಅಳಿದಿಲ್ಲ. ಆದರೆ ಹಳ್ಳಿಯ ಸಣ್ಣ ದೇವಾಲಯಗಳಿಗೆ ಇಂಥ ಭಾಗ್ಯ ಎಲ್ಲೆಡೆ ಒದಗಲಿಲ್ಲ. ಆಪತ್ಕಾಲದಲ್ಲಿ ವಿಗ್ರಹಗಳನ್ನು ನೆಲದಲ್ಲಿ ಹೂತಿಟ್ಟವರು ಕಾಲವಶರಾದರು. ಹೂತ ಜಾಗವೂ ಮರೆತುಹೋಯಿತು.

ಕುಂಭಕೋಣದ ಸಮೀಪದ ಶಿವಪುರದಲ್ಲಿ 1951ರಲ್ಲಿ ಇಂಥ ಕೆಲವು ವಿಗ್ರಹಗಳು ದೊರೆತವು. ಅವುಗಳಲ್ಲೊಂದು ನಟರಾಜ. ದುರಸ್ತಿಗೆಂದು ಹೋದ ಆ ನಟರಾಜನ ಬದಲು ದೇವಾಲಯಕ್ಕೆ ಹಿಂದಿರುಗಿದುದು ಅದರ ನಕಲು. 1965ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಡಗ್ಲಸ್ ಬ್ಯಾರೆಟ್ ಎಂಬ ವಿದ್ವಾಂಸರು ಬರೆಯುವವರೆಗೆ ಈ ವಿಷಯ ಲೋಕಕ್ಕೆ ತಿಳಿಯಲಿಲ್ಲ. ಮೂಲ ವಿಗ್ರಹವು ಮುಂಬಯಿ, ನ್ಯೂಯಾರ್ಕ್ ನಗರಗಳನ್ನು ದಾಟಿ, 1973ರಲ್ಲಿ ಸುಮಾರು ಒಂಬತ್ತು ಲಕ್ಷ ಡಾಲರಿಗೆ ಅಮೆರಿಕದ ನಾರ್ಟನ್ ಸೈಮನ್ ಪ್ರತಿಷ್ಠಾನದ ಕೈಸೇರಿತು. ವ್ಯಾಜ್ಯ, ಸಂಧಾನಗಳ ಬಳಿಕ 1986ರಲ್ಲಿ ಭಾರತಕ್ಕೆ ಮರಳಿತು.

ಎರಡನೆಯ ಪ್ರಸಂಗ ಇನ್ನೂ ವಿಸ್ಮಯಕರ. ತಂಜಾವೂರು ಸೀಮೆಯ ಪತ್ತೂರಿನಲ್ಲಿ, ಹಾಳುಬಿದ್ದ ವಿಶ್ವನಾಥಸ್ವಾಮಿ ದೇವಾಲಯದ ಬಳಿ 1976ರಲ್ಲಿ ಕೂಲಿಕಾರನೊಬ್ಬನ ಗುದ್ದಲಿಗೆ ನಟರಾಜನ ವಿಗ್ರಹ ತಾಕಿತು. ಅದು ಕೈಯಿಂದ ಕೈಗೆ ಮಾರಾಟವಾಗಿ ಲಂಡನ್ನನ್ನು ಸೇರಿತು. ಕೆನಡಾದ ಸಂಸ್ಥೆಯೊಂದು ಕೊಂಡು ಶುಚಿಗೊಳಿಸಲು ಕೊಟ್ಟಿದ್ದಾಗ ಪೊಲೀಸರು ವಶಪಡಿಸಿಕೊಂಡರು. ವಿಗ್ರಹಕ್ಕೆ ಅಂಟಿದ ಮಣ್ಣು, ಅದರ ಮೇಲಿನ ಗೆದ್ದಲಿನ ಗುರುತು, ಅದೇ ಸ್ಥಳದಲ್ಲಿ ಆಮೇಲೆ ಸಿಕ್ಕಿದ ಇತರ ವಿಗ್ರಹಗಳೊಡನೆ ಶೈಲಿಯ ಹೋಲಿಕೆ, ಇವೆಲ್ಲವನ್ನೂ ಲಂಡನ್ನಿನ ನ್ಯಾಯಾಲಯದಲ್ಲಿ ತಜ್ಞರು ವಾದಿಸಿದರು. ಭಾರತದ ನ್ಯಾಯಪದ್ಧತಿಯಲ್ಲಿ ದೇವಾಲಯವು ಹಕ್ಕುಳ್ಳ ವ್ಯಕ್ತಿಗೆ ಸಮಾನ; ಆದ್ದರಿಂದ ಪೂಜೆ ನಿಂತು ಪಾಳುಬಿದ್ದಿದ್ದರೂ ಅದು ತನ್ನ ಸ್ವತ್ತನ್ನು ಕೇಳಬಹುದೆಂದು ಮೇಲ್ಮನವಿಯ ನ್ಯಾಯಾಲಯವು 1991ರಲ್ಲಿ ತೀರ್ಪಿತ್ತಿತು. ಮಾಡು ಕುಸಿದ ಹಳ್ಳಿಯ ಗುಡಿಯೊಂದು ಸಮುದ್ರದಾಚೆಯ ನ್ಯಾಯಪೀಠದ ಮುಂದೆ ಗೆದ್ದಿತು. ಆದರೂ ಆ ಗೆಲವಿಗೆ ಮಣ್ಣನ್ನೂ ಗೆದ್ದಲನ್ನೂ ಸಾಕ್ಷಿಗೆ ಕರೆಯಬೇಕಾಯಿತೆಂಬುದನ್ನು ನಾವು ಮರೆಯಬಾರದು. ಮನುಷ್ಯರು ಬರೆದಿಟ್ಟ ಸಾಕ್ಷಿ ಇರಲಿಲ್ಲ.

ಒಂದು ಛಾಯಾಚಿತ್ರದ ಬೆಲೆ

ಬರೆದಿಟ್ಟ, ಚಿತ್ರಿಸಿಟ್ಟ ಸಾಕ್ಷಿಯ ಮಹತ್ವ ಮೂರನೆಯ ಪ್ರಸಂಗದಿಂದ ತಿಳಿಯುತ್ತದೆ. ಅರಿಯಲೂರು ಜಿಲ್ಲೆಯ ಶ್ರೀಪುರಂದಾನದ ದೇವಾಲಯದಲ್ಲಿ ಪೂಜೆಯಿಲ್ಲದೆ ಬಾಗಿಲು ಮುಚ್ಚಿತ್ತು. 2006ರಲ್ಲಿ ಕಳ್ಳರು ನಟರಾಜನನ್ನು ಕದ್ದರು. ಬಾಗಿಲು ತೆರೆಯುವವರೇ ಇಲ್ಲದುದರಿಂದ 2008ರವರೆಗೆ ಅದು ಬೆಳಕಿಗೆ ಬರಲಿಲ್ಲ. ಅದೇ 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಯು ಆ ವಿಗ್ರಹವನ್ನು ಸುಮಾರು ಐವತ್ತು ಲಕ್ಷ ಡಾಲರಿಗೆ ಕೊಂಡಿತು. ಮಾರಿದವನು ಸುಳ್ಳು ಕಾಗದಪತ್ರಗಳನ್ನು ಒದಗಿಸಿದ್ದನು. ಆ ಸುಳ್ಳನ್ನು ಬಯಲಿಗೆಳೆದುದು ಒಂದು ಛಾಯಾಚಿತ್ರ. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು 1956ರಿಂದ ದಕ್ಷಿಣದ ದೇವಾಲಯಗಳನ್ನು ಸುತ್ತಿ ತೆಗೆದ ಒಂದು ಲಕ್ಷಕ್ಕೂ ಮೀರಿದ ಚಿತ್ರಗಳಲ್ಲಿ, 1994ರಲ್ಲಿ ಶ್ರೀಪುರಂದಾನದಲ್ಲಿ ತೆಗೆದ ಇದೇ ನಟರಾಜನ ಚಿತ್ರವೂ ಇದ್ದಿತು. 2014ರ ಸೆಪ್ಟೆಂಬರಿನಲ್ಲಿ ವಿಗ್ರಹವು ಭಾರತಕ್ಕೆ ಮರಳಿತು. ವೃದ್ಧಾಚಲದ ದೇವಾಲಯದಿಂದ ಕಳುವಾಗಿ ಸಿಡ್ನಿಯ ಕಲಾಶಾಲೆಯನ್ನು ಸೇರಿದ್ದ ಶಿಲೆಯ ಅರ್ಧನಾರೀಶ್ವರನೂ ಅದೇ ಸಂಸ್ಥೆಯ ಹಳೆಯ ಚಿತ್ರದ ನೆರವಿನಿಂದ ಅದೇ ವರ್ಷ ಹಿಂದಿರುಗಿದನು.

ನಮಗೆ ಇದರಿಂದ ಪಾಠ

ಜಿನಬಿಂಬಗಳಿಗೆ ಈ ಅಪಾಯವಿಲ್ಲವೆಂದು ಭಾವಿಸಲಾಗದು. 2013ರಲ್ಲಿ ಮೂಡಬಿದಿರೆಯ ಗುರುಬಸದಿಯಲ್ಲಿ ನಡೆದ ಕಳವು ಎಲ್ಲರ ಮನಸ್ಸನ್ನು ಕಲಕಿದ ಘಟನೆ. ಅಲ್ಲದೆ ಧ್ಯಾನಮುದ್ರೆಯ ಬಿಂಬಗಳು ಒಂದನ್ನೊಂದು ಬಹಳವಾಗಿ ಹೋಲುತ್ತವೆ. ಪೀಠದ ಲಾಂಛನ ಸವೆದುಹೋದರೆ ಇದು ಯಾವ ತೀರ್ಥಂಕರರ ಬಿಂಬವೆಂಬುದನ್ನು ಹೇಳುವುದೇ ದುಸ್ತರವಾಗಬಹುದು. ಹಾಗಿರುವಾಗ ಯಾವ ಊರಿನದೆಂದು ಹೇಳುವುದು ಹೇಗೆ?

ನಮ್ಮ ಹಿರಿಯರು ಇದಕ್ಕೆ ಪರಿಹಾರವನ್ನು ಅರಿತಿದ್ದರು. ಬಿಂಬದ ಪೀಠದಲ್ಲಿಯೋ ಬೆನ್ನಿನಲ್ಲಿಯೋ ಸಂವತ್ಸರ, ತಿಥಿ, ಗುರುಗಳ ಗಣಗಚ್ಛ, ಮಾಡಿಸಿದವರ ಹೆಸರು ಇವುಗಳನ್ನು ಕೊರೆಯಿಸುವ ಪದ್ಧತಿ ಅವರದು. ಶ್ರವಣಬೆಳಗೊಳದ ಮಠದಲ್ಲಿರುವ ಹಲವು ಲೋಹಬಿಂಬಗಳು ತಮಿಳುನಾಡಿನ ಶ್ರಾವಕರು ಹತ್ತೊಂಬತ್ತನೆಯ ಶತಮಾನದಲ್ಲಿ ಅರ್ಪಿಸಿದವು ಎಂಬುದು ಇಂದಿಗೂ ತಿಳಿಯುವುದು ಅವುಗಳ ಮೇಲಿನ ಗ್ರಂಥಲಿಪಿಯ ಬರಹಗಳಿಂದ. ಕಾಶಾನಿನ ಕುಂಬಾರನು ಬಿಲ್ಲೆಯ ಅಂಚಿನಲ್ಲಿ ಮಾಡಿದುದನ್ನೇ ನಮ್ಮ ಶ್ರಾವಕನು ಪೀಠದ ಅಂಚಿನಲ್ಲಿ ಮಾಡಿದನು.

ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸಿ, ಗೊತ್ತುಪಡಿಸಿದ ಬಗೆಯ ವಸ್ತುಗಳನ್ನು ನೋಂದಾಯಿಸಬೇಕೆಂದು ವಿಧಿಸುವ ಕಾಯಿದೆ 1972ರಲ್ಲಿ ಆಯಿತು. 1976ರ ಏಪ್ರಿಲ್ 5ರಿಂದ ಜಾರಿಯಲ್ಲಿದೆ. ಆದರೆ ಕಾಯಿದೆಯು ಕಳೆದುದನ್ನು ಹುಡುಕಲು ಹೊರಟಾಗ ಮೊದಲು ಕೇಳುವ ಪ್ರಶ್ನೆ, ಇದು ನಿಮ್ಮದೆನ್ನುವುದಕ್ಕೆ ಆಧಾರವೇನು, ಎಂಬುದು. ಭಕ್ತಿಯೊಂದೇ ಅದಕ್ಕೆ ಉತ್ತರವಾಗದು.

ಆದುದರಿಂದ ಪ್ರತಿಷ್ಠೆಯ ಸಂಭ್ರಮ ಮುಗಿದೊಡನೆ ಒಂದು ಸಣ್ಣ ಕಾರ್ಯವನ್ನೂ ಕೈಗೊಳ್ಳಬಹುದು. ಬಸದಿಯ ಪ್ರತಿಯೊಂದು ಬಿಂಬವನ್ನೂ ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ ಛಾಯಾಚಿತ್ರ ತೆಗೆಯಿಸಿ, ಎತ್ತರ, ತೂಕ, ಲಾಂಛನ, ಬರಹ, ಹಳೆಯ ಮುಕ್ಕು ಗೀರುಗಳನ್ನು ಸಹ ಒಂದು ಪುಸ್ತಕದಲ್ಲಿ ಬರೆದು, ಒಂದು ಪ್ರತಿಯನ್ನು ಬಸದಿಯಲ್ಲಿಯೂ ಇನ್ನೊಂದನ್ನು ಬೇರೆ ಸುರಕ್ಷಿತ ಸ್ಥಳದಲ್ಲಿಯೂ ಇರಿಸಬೇಕು. ಮುಖ್ಯ ಬಿಂಬದೊಡನೆ ಯಕ್ಷಯಕ್ಷಿಯರ ಪ್ರತಿಮೆಗಳು, ಪ್ರಭಾವಳಿ, ಮೂಲೆಯಲ್ಲಿಟ್ಟ ಭಗ್ನಶಿಲ್ಪ ಇವೂ ಅದರಲ್ಲಿ ಸೇರಲಿ. ಕಾಣೆಯಾದರೂ ಯಾರ ಗಮನಕ್ಕೂ ಬಾರದಿರುವುದು ಇಂಥವೇ. ಎಲ್ಲಕ್ಕಿಂತ ಮಿಗಿಲಾಗಿ ನಿತ್ಯವೂ ಬಾಗಿಲು ತೆರೆಯಲಿ, ದೀಪ ಬೆಳಗಲಿ. ಶ್ರೀಪುರಂದಾನದಲ್ಲಿ ಎರಡು ವರ್ಷ ಯಾರಿಗೂ ತಿಳಿಯದ ನಷ್ಟವು, ದಿನವೂ ಅಭಿಷೇಕ ನಡೆಯುವ ಬಸದಿಯಲ್ಲಿ ಮರುದಿನದ ಬೆಳಗ್ಗೆಯೇ ತಿಳಿಯುತ್ತದೆ. ನೆಲೆಗೊಂಡ ಬಿಂಬಗಳು ನೆಲೆಯಲ್ಲಿಯೇ ಚಿರಕಾಲ ಬೆಳಗಲೆಂದು ಹಾರೈಸಿ ಈ ಲೇಖನಕ್ಕೆ ಮಂಗಳ ಹಾಡುತ್ತೇನೆ.