ಕಾಲುಚೀಲ ಕಲಿಸಿದ ಪಾಠ

ಹೃದಯವೇ ರಕ್ತಚಲನೆಗೆ ಕಾರಣವೆಂದು ಮೂರು ದಶಕಗಳ ಕಾಲ ಬೋಧಿಸಿದೆ. ಅದನ್ನು ನಿಂತೇ ಬೋಧಿಸಿದೆ. ನಿವೃತ್ತಿಯ ಬಳಿಕ ಎಡಗಾಲಿನಲ್ಲಿ, ನಮ್ಮ ಜನ ಹೇಳುವಂತೆ, 'ನರ' ಉಬ್ಬಿತು. ವೈದ್ಯರು ಬಿಗಿಯಾದ ಕಾಲುಚೀಲ ಧರಿಸಲು ಸೂಚಿಸಿದರು. ಬಿಗಿದರೆ ರಕ್ತ ನಿಲ್ಲಬೇಕಲ್ಲವೆ? ಸರಾಗವಾಗಿ ಹರಿಯುವುದೆಂತು? ಈ ಸಂದೇಹ ನನ್ನನ್ನು ಮತ್ತೆ ಪುಸ್ತಕಗಳೆಡೆಗೆ ಕರೆದೊಯ್ದಿತು.

ಇಟಲಿಯ ಪಡುವಾದಲ್ಲಿ ಅಧ್ಯಾಪಕನಾಗಿದ್ದ ಫ್ಯಾಬ್ರಿಸಿಯಸ್ 1603ರಲ್ಲಿ ಅಭಿಧಮನಿಗಳೊಳಗಿನ ಕವಾಟಗಳನ್ನು ಕುರಿತು ಗ್ರಂಥ ಪ್ರಕಟಿಸಿದನು. ರಕ್ತವೆಲ್ಲ ಪಾದಗಳಿಗೆ ಇಳಿದುಹೋಗದಂತೆ ಅವು ತಡೆಯುತ್ತವೆಂದು ಅವನ ಎಣಿಕೆ. ಅವನ ಶಿಷ್ಯ ವಿಲಿಯಂ ಹಾರ್ವೆ 1628ರ ತನ್ನ ಗ್ರಂಥದಲ್ಲಿ ಸರಳವಾದೊಂದು ಪ್ರಯೋಗವನ್ನು ವಿವರಿಸಿದನು. ತೋಳಿಗೆ ಬಲವಾಗಿ ಪಟ್ಟಿ ಬಿಗಿದರೆ ಮಣಿಕಟ್ಟಿನ ನಾಡಿಯೇ ನಿಲ್ಲುತ್ತದೆ; ಕೊಂಚ ಸಡಿಲಿಸಿದರೆ ನಾಡಿ ಮರಳುತ್ತದೆ, ಆದರೆ ಪಟ್ಟಿಯ ಕೆಳಗಿನ ಅಭಿಧಮನಿಗಳು ಉಬ್ಬುತ್ತವೆ. ಅಂದರೆ ರಕ್ತ ಆಳದ ಅಪಧಮನಿಗಳಲ್ಲಿ ಇಳಿದು, ಅಭಿಧಮನಿಗಳಲ್ಲಿ ಹೃದಯಕ್ಕೆ ಹಿಂದಿರುಗುತ್ತದೆ. ಕವಾಟಗಳು ಆ ಒಂದೇ ದಿಕ್ಕಿಗೆ ತೆರೆಯುತ್ತವೆ.

ಅಲುಗಾಡದೆ ನಿಂತವನ ಪಾದದ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಹಿಂಡುತ್ತವೆ. ಒತ್ತಡ ಸುಮಾರು 30ಕ್ಕೆ ಇಳಿಯುತ್ತದೆ. ಕವಾಟಗಳು ಸೋತಾಗ ರಕ್ತ ಹಿಂದಕ್ಕೆ ಜಾರಿ, ನಾಳಗಳು ಹಿಗ್ಗಿ, ಕಾಲು ಬಾಯುತ್ತದೆ. ಕೆಲವರಿಗೆ ಮಾಯದ ಹುಣ್ಣೂ ಆಗುತ್ತದೆ. ಹೊರಗಿನಿಂದ ಹದವಾಗಿ ಒತ್ತಿದರೆ ಹಿಗ್ಗಿದ ನಾಳ ಕಿರಿದಾಗುತ್ತದೆ, ರಕ್ತದ ವೇಗ ಹೆಚ್ಚುತ್ತದೆ.

ಆ ಹದವನ್ನು ಕಂಡುಕೊಂಡವನು ಒಬ್ಬ ರೋಗಿಯೇ. ಅಮೆರಿಕದ ಟೊಲಿಡೊ ನಗರದ ಎಂಜಿನಿಯರ್ ಕಾನ್ರಾಡ್ ಜೋಬ್ಸ್ಟ್ ಇದೇ ಕಾಲುವ್ಯಾಧಿಯಿಂದ ನರಳುತ್ತಿದ್ದನು. ಈಜುಕೊಳದಲ್ಲಿ ನಿಂತಾಗ ನೋವು ತಗ್ಗುವುದನ್ನು ಅವನು ಗಮನಿಸಿದನು. ನೀರಿನ ಒತ್ತಡ ಆಳದಲ್ಲಿ ಹೆಚ್ಚು, ಮೇಲೆ ಕಡಿಮೆ. ಅದೇ ಕ್ರಮದಲ್ಲಿ, ಪಾದದ ಗಂಟಿನ ಬಳಿ ಹೆಚ್ಚು ಬಿಗಿಯಾಗಿದ್ದು ಮೇಲೇರಿದಂತೆ ಸಡಿಲವಾಗುವ ಕಾಲುಚೀಲಗಳನ್ನು 1950ರ ಸುಮಾರಿಗೆ ಅವನು ತಯಾರಿಸಿದನು.

ಆದುದರಿಂದ ಗುಣವಿರುವುದು ಬರಿಯ ಬಿಗಿತದಲ್ಲಲ್ಲ, ಬಿಗಿತದ ಕ್ರಮದಲ್ಲಿ. ಮೊದಲ ವಾರ ನಾನು ಚೀಲದ ಮೇಲ್ತುದಿಯನ್ನು ಮಡಿಚಿಕೊಂಡಿದ್ದೆ. ಸಂಜೆಗೆ ಕಾಲು ಇನ್ನಷ್ಟು ಊದಿತು. ಹಾರ್ವೆಯ ಪಟ್ಟಿಯನ್ನು ನಾನೇ ಕಟ್ಟಿಕೊಂಡಂತಾಗಿತ್ತು!

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ದಿನವಿಡೀ ನಿಂತು ದುಡಿಯುವವರು. ನಡುನಡುವೆ ನಾಲ್ಕು ಹೆಜ್ಜೆ ನಡೆಯಿರಿ. ಅಪಧಮನಿಯ ತೊಂದರೆಯಿದ್ದರೆ ಈ ಚೀಲದಿಂದ ಅಪಾಯವುಂಟು. ವೈದ್ಯರನ್ನು ಕೇಳದೆ ಧರಿಸಬೇಡಿ. ಅಂದು ಅರ್ಧಕ್ಕೆ ಬಿಟ್ಟ ಪಾಠವನ್ನು ಇಂದು ಪೂರ್ಣಗೊಳಿಸಿದ್ದೇನೆ.