ಒಂದೇ ಕ್ರಿಯೆ, ಎರಡು ಹೆಸರು: ರಾಸಾಯನಿಕ ಕ್ರಿಯೆಗಳ ವರ್ಗೀಕರಣದ ಹಿನ್ನೆಲೆ

ಮೈಲುತುತ್ತದ ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಮುಳುಗಿಸಿಟ್ಟರೆ ಮೊಳೆಗೆ ತಾಮ್ರ ಹತ್ತುತ್ತದೆ, ನೀಲಿ ಮಾಸುತ್ತದೆ. ಹತ್ತನೆಯ ತರಗತಿಯ ಪಠ್ಯ ಇದನ್ನು ಸ್ಥಾನಪಲ್ಲಟ ಕ್ರಿಯೆ ಎನ್ನುತ್ತದೆ. ಪಿಯುಸಿಗೆ ಬಂದ ಮೇಲೆ ಇದೇ ಕ್ರಿಯೆ ರೆಡಾಕ್ಸ್ (ಉತ್ಕರ್ಷಣ-ಅಪಕರ್ಷಣ) ಎಂಬ ಹೆಸರಲ್ಲಿ ಎದುರಾಗುತ್ತದೆ. ಯಾವುದು ಸರಿ ಎಂದು ವಿದ್ಯಾರ್ಥಿ ಕೇಳಿದರೆ ಅದು ದಡ್ಡತನದ ಪ್ರಶ್ನೆಯಲ್ಲ. ಎರಡೂ ಸರಿ, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು ಅವು. ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ, ಉತ್ಕರ್ಷಣ ಎಂದು ಒಂದೇ ಅಧ್ಯಾಯದಲ್ಲಿ ಸಾಲಾಗಿ ಕೂತಿರುವ ಈ ಹೆಸರುಗಳನ್ನು ಯಾರೂ ಒಂದೇ ಅಳತೆಗೋಲು ಹಿಡಿದು ವಿಂಗಡಿಸಿದ್ದಲ್ಲ ಎಂಬುದು ಈ ಲೇಖನದ ವಾದ.

ಯಾವ ವಸ್ತುವಿಗೆ ಯಾವುದರ ಮೇಲೆ ಒಲವು ಹೆಚ್ಚು ಎಂಬ ಪ್ರಶ್ನೆಯಿಂದ ಸ್ಥಾನಪಲ್ಲಟದ ಕಲ್ಪನೆ ಬೆಳೆಯಿತು. 1718ರಲ್ಲಿ ಎಟಿಯೆನ್ ಫ್ರಾನ್ಸ್ವಾ ಜಾಫ್ರುವಾ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ 16 ಕಂಬಸಾಲುಗಳ ಕೋಷ್ಟಕವೊಂದನ್ನು ಮಂಡಿಸಿದ. ಪ್ರತಿ ಸಾಲಿನ ತಲೆಯಲ್ಲಿ ಒಂದು ವಸ್ತು. ಅದರೊಡನೆ ಕೂಡುವಂಥವು ಒಲವು ಇಳಿದಂತೆ ಕೆಳಕೆಳಗೆ. ಮೇಲಿನದು ಬಂದರೆ ಕೆಳಗಿನದು ಜಾಗ ಬಿಡಬೇಕು. ನೈಟ್ರಿಕ್ ಆಮ್ಲದ ಸಾಲಿನಲ್ಲಿ ಕಬ್ಬಿಣ, ತಾಮ್ರ, ಸೀಸ, ಪಾದರಸ, ಬೆಳ್ಳಿ ಎಂಬ ಕ್ರಮವಿದೆ. ಇಂದಿನ ಕ್ರಿಯಾಶೀಲತೆಯ ಸರಣಿಯ ಪಕ್ಕದಲ್ಲಿಟ್ಟು ನೋಡಿ: ತಾಮ್ರ, ಸೀಸಗಳು ಅದಲುಬದಲಾಗಿರುವುದು ಬಿಟ್ಟರೆ ಕ್ರಮ ಅದೇ. ಡಾಲ್ಟನ್ನನ ಪರಮಾಣುವಾದಕ್ಕೆ ಎಂಬತ್ತಕ್ಕೂ ಹೆಚ್ಚು ವರ್ಷ ಮೊದಲೇ ಇಷ್ಟು ಹತ್ತಿರ ಬಂದದ್ದು ನನಗೆ ಈಗಲೂ ಬೆರಗು.

ಉಪ್ಸಾಲದ ಟಾರ್ಬರ್ನ್ ಬರ್ಗ್‌ಮನ್ 1775ರಲ್ಲಿ ಈ ಒಲವನ್ನು ಎರಡು ಬಗೆಯಾಗಿ ನೋಡಿದ. ಮೂರನೆಯದೊಂದು ನುಗ್ಗಿ ಜೋಡಿಯಲ್ಲಿ ಒಂದನ್ನು ಹೊರದೂಡಿದರೆ ಏಕ ಆಕರ್ಷಣೆ, ಎರಡು ಜೋಡಿಗಳು ಸಂಗಾತಿ ಬದಲಿಸಿಕೊಂಡರೆ ದ್ವಿ ಆಕರ್ಷಣೆ. ನಮ್ಮ ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟಗಳ ಬೇರು ಇಲ್ಲಿದೆ. ಜರ್ಮನ್ ಸಾಹಿತಿ ಗಯಟೆ 1809ರ ತನ್ನ ಕಾದಂಬರಿಗೆ ಹೆಸರನ್ನು ತೆಗೆದುಕೊಂಡದ್ದೂ ಇದೇ ಪರಿಕಲ್ಪನೆಯಿಂದ.

ಒಲವಿನ ಈ ಕ್ರಮವನ್ನು ಅಲುಗಿಸಿದವನು ಫ್ರೆಂಚ್ ರಸಾಯನಶಾಸ್ತ್ರಜ್ಞ ಬರ್ತೊಲೆ. ನೆಪೋಲಿಯನ್ನನೊಡನೆ ಈಜಿಪ್ಟಿಗೆ ಹೋಗಿದ್ದ ಅವನು ನೇಟ್ರನ್ ಸರೋವರಗಳ ದಡದಲ್ಲಿ ಸೋಡಾ ಗಟ್ಟಿಕಟ್ಟಿದ್ದನ್ನು ಕಂಡ. ಉಪ್ಪು, ಸುಣ್ಣಕಲ್ಲುಗಳಿಂದ ಅದು ಆಗಿತ್ತು. ಪ್ರಯೋಗಶಾಲೆಯಲ್ಲಿ ನಡೆಯುವುದು ಅದರ ತಿರುಗುಮುರುಗು. ಒಲವೊಂದೇ ಸಾಲದು, ವಸ್ತುವಿನ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ, ಪ್ರಕ್ಷೇಪವಾಗಿ ತಳ ಸೇರುವುದೋ ಅನಿಲವಾಗಿ ಹೊರಡುವುದೋ ಕ್ರಿಯೆಯನ್ನು ಒಂದು ಕಡೆಗೆ ಎಳೆಯುತ್ತದೆ ಎಂದು 1803ರ ಗ್ರಂಥದಲ್ಲಿ ವಾದಿಸಿದ.

ಉತ್ಕರ್ಷಣದ ದಾರಿ ಬೇರೆ. ಲವಾಸಿಯೆಗೆ ಅದು ಆಮ್ಲಜನಕದೊಡನೆ ಕೂಡುವುದು, ಅಷ್ಟೇ. ಎಲ್ಲ ಆಮ್ಲಗಳಲ್ಲೂ ಆ ಧಾತು ಇದೆ ಎಂದು ಅವನು ನಂಬಿದ್ದ. ಡೇವಿ ಆ ನಂಬಿಕೆಯನ್ನು 1810ರಲ್ಲಿ ಕೆಡವಿದರೂ ಕನ್ನಡದ ‘ಆಮ್ಲಜನಕ’ ಅದನ್ನು ಇನ್ನೂ ಉಳಿಸಿಕೊಂಡಿದೆ. ‘ಉತ್ಕರ್ಷಣ’ ಎಂಬ ಪದದಲ್ಲಿ ಮಾತ್ರ ಆಮ್ಲಜನಕದ ಸುಳಿವಿಲ್ಲ. 1897ರಲ್ಲಿ ಇಲೆಕ್ಟ್ರಾನ್ ಪತ್ತೆಯಾಗಿ, ಮುಂದೆ ಉತ್ಕರ್ಷಣವೆಂದರೆ ಇಲೆಕ್ಟ್ರಾನ್ ಕಳೆದುಕೊಳ್ಳುವುದು ಎಂದಾದಾಗ ಕನ್ನಡದ ಪದ ಆ ಹೊಸ ಅರ್ಥಕ್ಕೆ ಒಗ್ಗಿಕೊಳ್ಳಲು ಅಡ್ಡಿಯಿರಲಿಲ್ಲ.

ಎರಡು ವಿಂಗಡಣೆಗಳು ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಮಲೆನಾಡಿನ ಅಡಿಕೆ ತೋಟದ ಡ್ರಮ್ಮೊಂದರಲ್ಲೇ ನೋಡಬಹುದು. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಬೆರೆಸುವಾಗ ಆಗುವುದನ್ನು ಸರಳವಾಗಿ ಬರೆದರೆ ದ್ವಿಸ್ಥಾನಪಲ್ಲಟ: ತಾಮ್ರದ ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಸಲ್ಫೇಟ್. ಇಲ್ಲಿ ಸಂಗಾತಿಗಳಷ್ಟೇ ಬದಲಾದವು, ಇಲೆಕ್ಟ್ರಾನ್ ಯಾರ ಕೈಯೂ ದಾಟಲಿಲ್ಲ. ಆಮೇಲೆ ಬೆಳೆಗಾರರು ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತಾರೆ. ಕರಗಿದ ತಾಮ್ರ ಉಳಿದಿದ್ದರೆ ಕಬ್ಬಿಣ ಇಲೆಕ್ಟ್ರಾನ್ ಕೊಟ್ಟು ಅದನ್ನು ಹೊರಗೆಳೆಯುತ್ತದೆ; ಜಾಫ್ರುವಾನ ಸ್ಥಾನಪಲ್ಲಟವೂ ಇಪ್ಪತ್ತನೆಯ ಶತಮಾನದ ರೆಡಾಕ್ಸೂ ಒಟ್ಟಿಗೇ ನಡೆಯುತ್ತವೆ. ಅಲಗಿಗೆ ಕೆಂಪು ಹತ್ತಿದರೆ ಡ್ರಮ್ಮಿಗೆ ಇನ್ನಷ್ಟು ಸುಣ್ಣದ ನೀರು ಬೀಳುತ್ತದೆ.