ಹಲಗಿ ಬಾರಿಸಿದವರು, ಆಟ ನೋಡಿದವರು

ಗಂಗಾವತಿ ಕಡೆಯ ನಾಲ್ಕೈದು ಹುಡುಗರು ಒಂದು ಹಾಡಿನ ನಾಟಕ ಕಟ್ಟುತ್ತಿದ್ದಾರೆ. ಗಿಟಾರು, ಡ್ರಮ್ಸು, ಕೀಬೋರ್ಡು, ಅವುಗಳ ನಡುವೆ ಎರಡು ಹಲಗಿ. ಪಾಪ್ ಅನ್ನಿ, ರಾಕ್ ಅನ್ನಿ, ಹೆಸರಿನ ಚಿಂತೆ ಅವರಿಗಿಲ್ಲ. "ಕಾಕಾ, ಇದನ್ನ ನೋಡಾಕ ಮಂದಿ ಬರ್ತಾರೇನ್ರಿ?" ಎಂದು ಅವರಲ್ಲೊಬ್ಬ ಕೇಳಿದ. ಬರ್ತಾರಪಾ ಅಂದುಬಿಡಬಹುದಿತ್ತು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳಲ್ಲಿ 'ಪ್ರೇಕ್ಷಕ' ಎಂಬ ಮಾತು ಎಂದೂ ಅಷ್ಟು ಸರಳವಾಗಿರಲಿಲ್ಲ. ಹೊಸ ಸಂಗೀತದ ಆಟ ಬಂದಾಗಲೆಲ್ಲ ಇಲ್ಲಿ ಜನ ಸೇರಿದ್ದಾರೆ. ಯಾವ ಜನ, ಎಲ್ಲಿ ಕೂತು ನೋಡಿದರು ಎಂಬುದನ್ನು ನಮ್ಮ ರಂಗಚರಿತ್ರೆಗಳು ಅಷ್ಟಾಗಿ ಕೇಳಿಕೊಂಡಿಲ್ಲ.

ಕಂಪನಿ ನಾಟಕವೂ ಒಂದು ಕಾಲಕ್ಕೆ ಹೊಚ್ಚ ಹೊಸದೇ. ಸಾಂಗ್ಲಿ ಕಡೆಯ ಮರಾಠಿ ಮಂಡಳಿಗಳು ಉತ್ತರ ಕರ್ನಾಟಕದಲ್ಲಿ ಮೆರೆಯುತ್ತಿದ್ದಾಗ ಅದಕ್ಕೆ ಎದುರಾಗಿ ಶಾಂತಕವಿಗಳು 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿದರು. ದೊಡ್ಡಾಟದ ಕುಣಿತ, ಏರುದನಿ ಕೇಳಿ ಬೆಳೆದ ಕಿವಿಗಳಿಗೆ ಪರದೆ ಮುಂದಿನ ಆ ಹಾಡು ಇವತ್ತಿನ ಗಿಟಾರಿನಷ್ಟೇ ಅಪರಿಚಿತವಾಗಿದ್ದಿರಬೇಕು. ಆಗ ಗದಗು ಮುಂಬಯಿ ಪ್ರಾಂತ, ಬಳ್ಳಾರಿ ಮದರಾಸು ಪ್ರಾಂತ, ನಡುವೆ ನಾವು ನಿಜಾಮನ ಸೀಮೆ. ಪರದೆ, ಪೆಟ್ಟಿಗೆ ಹೊತ್ತ ಕಂಪನಿಗಳಿಗೆ ರೈಲು ಅನುಕೂಲ. ಆ ರೈಲು ಕೊಪ್ಪಳದ ಮೇಲೆ ಹಾದು ಹೋಯಿತು. ಗಂಗಾವತಿಗೆ ಅದು ಬಂದದ್ದು 2019ರಲ್ಲಿ, ಕುಷ್ಟಗಿಗೆ 2025ರಲ್ಲಿ! ಒಳಗಿನ ಹಳ್ಳಿಗಳಿಗೆ ಕಂಪನಿ ತಲುಪಿದ್ದು ಚಕ್ಕಡಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಅದನ್ನು ಜಾತ್ರೆಯಲ್ಲಿ ನೋಡಿಬಂದವರ ಬಾಯಲ್ಲಿ.

ಟಿಕೆಟ್ಟು ಒಂದು ವಿಚಿತ್ರ ವಸ್ತು. ದುಡ್ಡು ಕೊಟ್ಟವನು ಒಳಗೆ ಎಂಬುದು ಅದರ ನ್ಯಾಯ. ಆ ಮಟ್ಟಿಗೆ ಕಂಪನಿಯ ತಂಬು ಗುಡಿಗಿಂತ ಮೇಲು. ಆದರೆ ಒಳಗೆ ನೆಲ, ಬೆಂಚು, ಕುರ್ಚಿ ಎಂಬ ಮೆಟ್ಟಿಲುಗಳಿದ್ದವು. ನಮ್ಮಜ್ಜ ಹಲಗಿ ಬಾರಿಸುತ್ತಿದ್ದವನು. ಜಾತ್ರೆಯಲ್ಲಿ ನಾಟಕ ಇದ್ದರೆ ಸುತ್ತಲಿನ ಹಳ್ಳಿಗೆಲ್ಲ ಡಂಗುರ ಸಾರುವವನು ಅವನೇ. ಊರಿಗೆ ಊರೇ ಅವನ ಹಲಗಿಯ ಸದ್ದು ಕೇಳಿ ಬಂಡಿ ಕಟ್ಟಿಕೊಂಡು ಹೋಗುತ್ತಿತ್ತು. ಅವನು ಮಾತ್ರ ತಂಬಿನ ಹೊರಗೆ ಹಗ್ಗ ಕಟ್ಟಿದ ಗೂಟದ ಹತ್ತಿರ ಕೂತು ಹಾಡು ಕೇಳುತ್ತಿದ್ದನಂತೆ. ನೋಡಲಿಲ್ಲ, ಕೇಳಿದ. ಆದರೂ ಅವನಿಗೆ ಅಷ್ಟೂ ರಂಗಗೀತೆ ಬಾಯಿಪಾಠ. ಪ್ರೇಕ್ಷಕರನ್ನು ಕರೆತಂದವನನ್ನು ಪ್ರೇಕ್ಷಕನೆಂದು ಯಾರೂ ಎಣಿಸಲಿಲ್ಲ.

ಆಮೇಲೆ 1972. ಬಿ.ವಿ. ಕಾರಂತರು ಬೆಂಗಳೂರಿನ ಬಯಲಿನಲ್ಲಿ ಕಂಬಾರರ 'ಜೋಕುಮಾರಸ್ವಾಮಿ' ಆಡಿಸಿದರು. ನಮ್ಮ ಕಡೆಯ ಹಬ್ಬ, ನಮ್ಮ ಕಡೆಯ ಬಯಲಾಟದ ಲಯ. ಪ್ರೇಕ್ಷಕರು ರಾಜಧಾನಿಯ ಸುಶಿಕ್ಷಿತರು. ನಾಟಕ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಅದರ ಬಗ್ಗೆ ಬೇಕಾದಷ್ಟು ಬರೆದದ್ದೂ ಆಗಿದೆ.

ನನಗೆ ಅದಕ್ಕಿಂತ ಮುಖ್ಯವಾದದ್ದು ಆಮೇಲಿನ ಆರೇಳು ವರ್ಷ. 1973ರ ಬೂಸಾ ಗಲಾಟೆ, 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು', ದಲಿತ ಸಂಘರ್ಷ ಸಮಿತಿ, 1979ರ ಸಮುದಾಯ ಜಾಥಾ, 'ಬೆಲ್ಚಿ' ಬೀದಿ ನಾಟಕ. ಇಲ್ಲಿ ಟಿಕೆಟ್ಟಿಲ್ಲ, ತಂಬಿಲ್ಲ, ಕುರ್ಚಿಯಿಲ್ಲ. ಮೊದಲು ಹಾಡು, ಜನ ಕೂಡಿದ ಮೇಲೆ ಭಾಷಣ. ಹಾಡು ಬರೀ ಜನ ಕೂಡಿಸಾಕ ಅಂತ ನಮ್ಮ ಮುಂದಾಳುಗಳೂ ತಿಳಿದರು. ನಮ್ಮ ವಿಮರ್ಶೆಯ ತಪ್ಪೂ ಇಲ್ಲಿಂದಲೇ ಶುರುವಾಯಿತು. ಹಾಡಿನ ಸಾಲುಗಳ ಮೇಲೆ ಪುಟಗಟ್ಟಲೆ ಬರೆದೆವು. ಮಟ್ಟು ಯಾವುದು, ಬಾರಿಸಿದವರು ಯಾರು, ಕೇರಿಯ ಹೆಂಗಸರು ಯಾವ ಸಾಲಿಗೆ ದನಿ ಕೂಡಿಸಿದರು ಎಂಬುದನ್ನು ಬರೆಯಲಿಲ್ಲ. ನಾನೂ ಬರೆಯಲಿಲ್ಲ.

ಹಲಗಿಯ ಬಗ್ಗೆ ನಮ್ಮಲ್ಲಿ ಎರಡು ಮನಸ್ಸು ಇದ್ದದ್ದೂ ಇದಕ್ಕೆ ಕಾರಣ. ಅದು ಬಿಟ್ಟಿ ಚಾಕರಿಯ ಗುರುತು, ಕೆಳಗಿಡಿ ಎಂದವರು ಸರಿಯೇ. ಹೆಣದ ಮುಂದೆ ಬಾರಿಸಲಾರೆ ಎಂದು ನಿಂತವನ ಬೆನ್ನ ಮೇಲಿನ ಏಟು ಸುಳ್ಳಲ್ಲ. ಮಹಾರಾಷ್ಟ್ರದಲ್ಲಿ ಈ ಗಂಟನ್ನು ಬೇರೆ ರೀತಿ ಬಿಚ್ಚಿದರು. 1930ರ ದಶಕದಲ್ಲಿ ಭೀಮರಾವ್ ಕರ್ಡಕ್ ಮತ್ತು ಸಂಗಡಿಗರು ಮಹಾರ್, ಮಾಂಗ್ ಜನರ ಕೈಯಲ್ಲೇ ಬೆಳೆದ ತಮಾಶಾದಿಂದ ಗಣ, ಗವಳಣ, ಶೃಂಗಾರ ತೆಗೆದು ವಾದ, ಜಗಳ, ಅಂಬೇಡ್ಕರ್ ವಿಚಾರ ತುಂಬಿ ಜಲ್ಸಾ ಮಾಡಿದರು. ಪ್ರೇಕ್ಷಕರನ್ನು ಹುಡುಕಬೇಕಾಗಲಿಲ್ಲ, ತಮಾಶಾ ನೋಡುತ್ತಿದ್ದವರೇ ಇದ್ದರು. ಇತ್ತೀಚೆಗೆ, 2018ರ ಜನವರಿಯಲ್ಲಿ, ಚೆನ್ನೈಯಲ್ಲಿ ಪಾ. ರಂಜಿತ್ ಮುಂದಾಗಿ ಕಟ್ಟಿಸಿದ 'ಕಾಸ್ಟ್‌ಲೆಸ್ ಕಲೆಕ್ಟಿವ್' ತಂಡ ಸಾವಿನ ಮನೆಯ ಗಾನಾ ಹಾಡನ್ನು ರಾಕ್, ರ‍್ಯಾಪ್ ಜೊತೆ ಬಯಲಿಗೆ ತಂದಿತು. ಆ ಗಾನಾ ಉತ್ತರ ಚೆನ್ನೈಯ ಮಂದಿಗೆ ಮೊದಲೇ ಗೊತ್ತಿತ್ತು. ಹೊಸದಾಗಿದ್ದದ್ದು ವೇದಿಕೆ.

ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಹಾಗೆ ಮೊದಲೇ ಗೊತ್ತಿರುವುದು ಯಾವುದು? ಜಾತ್ರೆಗೆ ಊರ ಹುಡುಗರೇ ಆಡುವ ಸಾಮಾಜಿಕ ನಾಟಕ. ಹಾರ್ಮೋನಿಯಂ ಮಾಸ್ತರ, ಹೊರಗಿನಿಂದ ಕರೆಸಿದ ನಟಿಯರು, ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವಕ್ಕೆ ಮುಗಿಯುವ ಆಟ. ಹಾರ್ಮೋನಿಯಂ ಪಕ್ಕಕ್ಕೆ ಕ್ಯಾಶಿಯೊ ಬಂತು, ತಬಲಾ ಪಕ್ಕಕ್ಕೆ ರಿದಮ್ ಪ್ಯಾಡು. ಯಾರೂ ಹುಬ್ಬೇರಿಸಲಿಲ್ಲ. ಹೊಸ ಸದ್ದಿಗೆ ನಮ್ಮ ಮಂದಿ ಹೆದರುವವರಲ್ಲ. ಏಪ್ರಿಲ್ 14ರ ರಾತ್ರಿ ಯಾವ ಕೇರಿಗೆ ಬೇಕಾದರೂ ಹೋಗಿ ಕೇಳಿರಿ. ಅಲ್ಲಿನ ಡಿಜೆ ಸದ್ದಿಗೆ ಮೂಗು ಮುರಿಯುವ ನಮ್ಮ ಲೇಖಕರಿಗೆ ತಮ್ಮ ಪ್ರೇಕ್ಷಕರು ಅಲ್ಲೇ ಕುಣಿಯುತ್ತಿದ್ದಾರೆಂದು ತಿಳಿಯುವುದಿಲ್ಲ. ಇತ್ತ ಹಾಡುತ್ತಲೇ ತೊಗಲುಗೊಂಬೆ ಆಡಿಸುವ ಮೋರನಾಳದ ಭೀಮವ್ವ ಶಿಳ್ಳೆಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಸಂತೋಷಪಟ್ಟೆವು. ಆ ಆಟವನ್ನು ಪೂರ್ತಿ ರಾತ್ರಿ ಕೂತು ನೋಡುವವರು ಅಷ್ಟರಲ್ಲಿ ಬೆರಳೆಣಿಕೆ.

ತೊಡಕು ಇರುವುದು ಸದ್ದಿನಲ್ಲಲ್ಲ, ಪಕ್ಕದಲ್ಲಿ ಕೂಡುವುದರಲ್ಲಿ. 2014ರ ಆಗಸ್ಟ್‌ನಲ್ಲಿ ಗಂಗಾವತಿಯ ಟಾಕೀಸಿನಲ್ಲಿ ಟಿಕೆಟ್ಟಿನ ಸಲುವಾಗಿ ಆದ ಜಗಳ ಮರಕುಂಬಿಗೆ ಬಂತೆಂದು ವರದಿಯಾಯಿತು. ಅಲ್ಲಿ ದಲಿತರ ಗುಡಿಸಲುಗಳು ಸುಟ್ಟವು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನೂ ಆಯಿತು. ಸಿನೆಮಾ ನೋಡುವುದು ಕೂಡ ಇಲ್ಲಿ ಬರೀ ಸಿನೆಮಾ ನೋಡುವುದಲ್ಲ. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ಕೂಸು ಗುಡಿಯೊಳಗೆ ಹೋಯಿತೆಂದು ಅದರ ಮನೆಯವರಿಗೆ ದಂಡ ಹೇಳಿದರು. ಆ ಗುಡಿಯಂಥ ಗುಡಿಗಳ ಮುಂದಿನ ಬಯಲಿನಲ್ಲೇ ನಮ್ಮ ಜಾತ್ರೆಯ ನಾಟಕಗಳು ನಡೆಯುವುದು.

ಹಾಗಾಗಿ ಹುಡುಗರಿಗೆ ನಾನು ಹೇಳಿದ್ದು ಇಷ್ಟು: ಕೇರಿಯಲ್ಲಿ ಆಡಿದರೆ ಕೇರಿ ಬರುತ್ತದೆ, ಊರು ಬರುವುದಿಲ್ಲ. ಗುಡಿ ಮುಂದೆ ಆಡಿದರೆ ಊರು ಕುರ್ಚಿ ಹಾಕಿಕೊಳ್ಳುತ್ತದೆ, ನಮ್ಮವರು ಗೋಡೆಗೆ ಒರಗಿ ನಿಲ್ಲುತ್ತಾರೆ. ಕೊಪ್ಪಳದ ಸಭಾಭವನದಲ್ಲಿ ಆಡಿದರೆ ನಾವು ನಾವೇ, ಅಂದರೆ ಈ ಪತ್ರಿಕೆ ಓದುವವರು. ಮೊದಲ ಆಟ ಕೇರಿಯಲ್ಲೇ ಆಗಲಿ ಎಂಬುದು ನನ್ನ ಮಾತು. ಅವರು ಒಪ್ಪಲಿಲ್ಲ. ಊರು, ಕೇರಿ ಎರಡಕ್ಕೂ ನಡುವೆ ಇರುವ ಸಾಲಿಯ ಅಂಗಳ ಕೇಳಿದ್ದಾರಂತೆ, ಹೆಡ್‌ಮಾಸ್ತರ ಇನ್ನೂ ಹೂಂ ಅಂದಿಲ್ಲ. ಕುರ್ಚಿ ಹಾಕುವುದಿಲ್ಲ, ಎಲ್ಲರಿಗೂ ಜಮಖಾನಿ.

"ಡಂಗುರ ಯಾರು ಸಾರತಾರಪಾ?" ಎಂದು ಕೇಳಿದೆ.

ಹಲಗಿ ಬಾರಿಸುವ ಹುಡುಗ ನಕ್ಕ. "ಯಾರೂ ಸಾರಂಗಿಲ್ರಿ ಕಾಕಾ. ವಾಟ್ಸಾಪ್‌ನಾಗ ಬಿಡತೀವಿ."